ಎಣಿಕೆಗೆ ಸಿಗದ ದುಡಿಮೆ

ಮನುಷ್ಯನ ದುಡಿಮೆಯ ಬೆಲೆಯನ್ನು ನಿರ್ಧರಿಸುವವರು ಯಾರು? ದುಡಿದವನೇ, ಅದನ್ನು ಕಂಡು ಮೆಚ್ಚುವ ಸಮಾಜವೇ, ಅಥವಾ ಎಲ್ಲವನ್ನೂ ಜರಡಿ ಹಿಡಿಯುವ ಕಾಲವೇ? ಪ್ರಶ್ನೆ ಹಳೆಯದು. ಆದರೆ ಪ್ರತಿಯೊಂದು ಕೆಲಸವನ್ನೂ ಅಂಕಿಗಳಲ್ಲಿ ಅಳೆಯಲು ಹೊರಟಿರುವ ನಮ್ಮ ದಿನಗಳಲ್ಲಿ ಅದು ಮತ್ತಷ್ಟು ತೀಕ್ಷ್ಣವಾಗಿದೆ. 2024ರ ಏಪ್ರಿಲ್ 8ರಂದು ಎಡಿನ್‌ಬರೋ ನಗರದಲ್ಲಿ 94ನೆಯ ವಯಸ್ಸಿನಲ್ಲಿ ನಿಧನರಾದ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರ ಬದುಕು ಈ ಪ್ರಶ್ನೆಯನ್ನು ಕುರಿತು ಆಳವಾಗಿ ಚಿಂತಿಸಲು ನಮಗೆ ನೆರವಾಗುತ್ತದೆ.

1964ರಲ್ಲಿ ಹಿಗ್ಸ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 35 ವರ್ಷದ ಉಪನ್ಯಾಸಕರಾಗಿದ್ದರು. ಆಗ ಭೌತವಿಜ್ಞಾನಿಗಳನ್ನು ಒಂದು ತೊಡಕು ಕಾಡುತ್ತಿತ್ತು. ನಿಸರ್ಗದ ಮೂಲಬಲಗಳನ್ನು ವಿವರಿಸುವ ಸುಂದರವಾದ ಸಮೀಕರಣಗಳು, ಆ ಬಲಗಳನ್ನು ಹೊತ್ತೊಯ್ಯುವ ಕಣಗಳಿಗೆ ದ್ರವ್ಯರಾಶಿಯೇ ಇರಬಾರದೆಂದು ಹೇಳುತ್ತಿದ್ದವು. ಆದರೆ ಕೆಲವು ಬಲಗಳ ವ್ಯಾಪ್ತಿ ಅತಿ ಕಿರಿದಾಗಿರುವುದನ್ನು ಕಂಡರೆ, ಅವುಗಳ ಕಣಗಳಿಗೆ ದ್ರವ್ಯರಾಶಿ ಇರಲೇಬೇಕಿತ್ತು. ವಿಶ್ವವನ್ನೆಲ್ಲ ವ್ಯಾಪಿಸಿರುವ ಒಂದು ಕ್ಷೇತ್ರದ ಸಂಪರ್ಕದಿಂದ ಕಣಗಳು ದ್ರವ್ಯರಾಶಿಯನ್ನು ಪಡೆಯಬಹುದೆಂಬುದು ಹಿಗ್ಸ್ ಕಂಡುಕೊಂಡ ಹಾದಿ.

ಈ ಕುರಿತ ಅವರ ಮೊದಲ ಕಿರುಪ್ರಬಂಧವನ್ನು ‘ಫಿಸಿಕ್ಸ್ ಲೆಟರ್ಸ್’ ಎಂಬ ಪತ್ರಿಕೆ ಸ್ವೀಕರಿಸಿತು. ಅದರ ಬೆನ್ನಿಗೇ ಕಳುಹಿಸಿದ ಎರಡನೆಯದನ್ನು ಹಿಂದಿರುಗಿಸಿತು. ಆ ಪತ್ರಿಕೆಯ ಸಂಪಾದಕರು ಇದ್ದದ್ದು ಜಿನೀವಾದ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ. ಹಿಗ್ಸ್ ತಮ್ಮ ಬರಹವನ್ನು ಮತ್ತೆ ಕೈಗೆತ್ತಿಕೊಂಡರು. ಕೆಲವು ಸಾಲುಗಳನ್ನು ಸೇರಿಸಿ ಅಮೆರಿಕದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಗೆ ಕಳುಹಿಸಿದರು. 1964ರ ಅಕ್ಟೋಬರ್‌ನಲ್ಲಿ ಅದು ಪ್ರಕಟವಾಯಿತು. ತಮ್ಮ ಸಿದ್ಧಾಂತ ನಿಜವಾದರೆ ದ್ರವ್ಯರಾಶಿಯುಳ್ಳ ಹೊಸ ಕಣವೊಂದು ಇರಬೇಕೆಂಬ ಮಾತು ಹೀಗೆ ಸೇರಿಸಿದ ಸಾಲುಗಳಲ್ಲೇ ಇತ್ತು. ಮೊದಲೇ ಪ್ರಕಟವಾಗಿದ್ದರೆ ಬಹುಶಃ ಆ ಮಾತು ಅಲ್ಲಿ ಇರುತ್ತಲೇ ಇರಲಿಲ್ಲ. 48 ವರ್ಷಗಳ ನಂತರ, 2012ರ ಜುಲೈ 4ರಂದು, ಅಂಥ ಕಣವೊಂದು ದೊರೆತಿದೆಯೆಂದು ಲೋಕಕ್ಕೆ ಸಾರಿದ್ದು ಅದೇ ಸೆರ್ನ್. 2013ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಒಂದು ಸುಲಭವಾದ ನೀತಿ ನಮ್ಮ ಕೈಗೆ ಸಿಗುತ್ತದೆ: ತಾಳಿದವನು ಬಾಳಿಯಾನು, ತಿರಸ್ಕಾರವೂ ಕೊನೆಗೆ ವರವಾಗುತ್ತದೆ. ಆದರೆ ಈ ನೀತಿ ಪೂರ್ಣ ಸತ್ಯವಲ್ಲ. ಹಿಗ್ಸ್ ಅವರಿಗಿಂತ ಕೆಲವು ವಾರಗಳ ಮೊದಲೇ, 1964ರ ಆಗಸ್ಟ್‌ನಲ್ಲಿ, ಇದೇ ಹಾದಿಯನ್ನು ಬ್ರಸೆಲ್ಸ್ ನಗರದ ರಾಬರ್ಟ್ ಬ್ರೌಟ್ ಮತ್ತು ಫ್ರಾಂಸ್ವಾ ಎಂಗ್ಲರ್ಟ್ ಪ್ರಕಟಿಸಿದ್ದರು. ಹಿಗ್ಸ್ ಅವರೊಡನೆ ನೊಬೆಲ್ ಹಂಚಿಕೊಂಡವರು ಎಂಗ್ಲರ್ಟ್. ಬ್ರೌಟ್ 2011ರಲ್ಲಿಯೇ ತೀರಿಕೊಂಡಿದ್ದರು. ಕಣ ಕಂಡುಬಂದ ಸುದ್ದಿಯನ್ನು ಅವರು ಕೇಳಲಿಲ್ಲ. ನಿಧನರಾದವರಿಗೆ ಆ ಪ್ರಶಸ್ತಿಯನ್ನು ನೀಡುವುದೂ ಇಲ್ಲ. ಇಬ್ಬರು ಗೆಳೆಯರು ಕೂಡಿ ಉತ್ತ ಹೊಲದಲ್ಲಿ ಒಬ್ಬರು ಸುಗ್ಗಿಯನ್ನು ಕಂಡರು, ಇನ್ನೊಬ್ಬರು ಕಾಣಲಿಲ್ಲ. ಹಾಗೆಂದು ಬ್ರೌಟ್ ಅವರ ದುಡಿಮೆಯ ಬೆಲೆ ಕಡಿಮೆಯಾಯಿತೇ?

ಈ ಕಣಕ್ಕೆ ‘ಹಿಗ್ಸ್ ಬೋಸಾನ್’ ಎಂಬ ಹೆಸರು. ಹೆಸರಿನ ಎರಡನೆಯ ಭಾಗ ನಮ್ಮ ನಾಡಿನ ಸತ್ಯೇಂದ್ರನಾಥ ಬೋಸ್ ಅವರದು. 1924ರಲ್ಲಿ ಢಾಕಾದಲ್ಲಿ ಅಧ್ಯಾಪಕರಾಗಿದ್ದ ಬೋಸ್ ತಮ್ಮ ಪ್ರಬಂಧವನ್ನು, ಮುಖಪರಿಚಯವೂ ಇಲ್ಲದ ಐನ್‌ಸ್ಟೈನ್ ಅವರಿಗೆ ಅಂಚೆಯಲ್ಲಿ ಕಳುಹಿಸಿದರು. ಐನ್‌ಸ್ಟೈನ್ ಅದನ್ನು ಓದಿ, ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ವಿಶ್ವದ ಕಣಗಳ ಒಂದು ದೊಡ್ಡ ವರ್ಗಕ್ಕೇ ಬೋಸ್ ಅವರ ಹೆಸರು ನಿಂತಿತು. 1974ರಲ್ಲಿ ಅವರು ತೀರಿಕೊಂಡಾಗ ನೊಬೆಲ್ ಅವರ ಪಾಲಿಗೆ ಬಂದಿರಲಿಲ್ಲ. ಮನ್ನಣೆಯ ದಾರಿ ಎಷ್ಟು ಅಂಕುಡೊಂಕಾದುದು ಎಂಬುದಕ್ಕೆ ಈ ಒಂದು ಹೆಸರಿನಲ್ಲೇ ಎರಡು ಸಾಕ್ಷಿಗಳಿವೆ.

ನೊಬೆಲ್ ಸ್ವೀಕರಿಸಲು ಹೊರಟಿದ್ದ ದಿನಗಳಲ್ಲಿ ಹಿಗ್ಸ್ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಹೇಳಿದ ಮಾತುಗಳು ವಿದ್ವತ್ ಲೋಕವನ್ನು ಬೆಚ್ಚಿಬೀಳಿಸಿದವು. ಇಂದಿನ ವ್ಯವಸ್ಥೆಯಲ್ಲಿ ತಮಗೆ ಅಧ್ಯಾಪಕ ಹುದ್ದೆಯೇ ಸಿಗುತ್ತಿರಲಿಲ್ಲ, ಸಾಕಷ್ಟು ‘ಉತ್ಪಾದನೆ’ ಇಲ್ಲದವನೆಂದು ತಮ್ಮನ್ನು ಬದಿಗಿಡುತ್ತಿದ್ದರು ಎಂದರು ಅವರು. 1964ರ ನಂತರ ಅವರು ಪ್ರಕಟಿಸಿದ ಪ್ರಬಂಧಗಳು ಹತ್ತಕ್ಕೂ ಕಡಿಮೆ. ಈಚಿನ ಪ್ರಕಟಣೆಗಳ ಪಟ್ಟಿಯನ್ನು ವಿಭಾಗ ಕೇಳಿದಾಗ ‘ಯಾವುದೂ ಇಲ್ಲ’ ಎಂದು ಬರೆದು ಕಳುಹಿಸುತ್ತಿದ್ದರಂತೆ. 1980ರಲ್ಲಿ ನೊಬೆಲ್‌ಗೆ ತಮ್ಮ ಹೆಸರು ಸೂಚಿತವಾಗದಿದ್ದರೆ ಕೆಲಸವೇ ಹೋಗುತ್ತಿತ್ತೆಂದು ಅವರು ನಂಬಿದ್ದರು. 1964ರ ಆ ಚಿಂತನೆಗೆ ಬೇಕಾಗಿದ್ದ ಶಾಂತಿ, ಬಿಡುವು ಇಂದಿನವರಿಗೆ ಹೇಗೆ ಸಿಕ್ಕೀತು ಎಂಬುದು ಅವರ ಕಳವಳವಾಗಿತ್ತು.

ಈ ಕಳವಳ ನಮ್ಮ ನಾಡಿಗೂ ಹೊರತಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಪದ್ಧತಿಯನ್ನು ತಂದಿತು. ಪ್ರಕಟವಾದ ಪ್ರಬಂಧಗಳಿಗೂ ಅಂಕಗಳು ನಿಗದಿಯಾದವು. ಹಣ ಪಡೆದು ಏನನ್ನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಇದು ಸುಗ್ಗಿಯಾಯಿತು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಲೇಬೇಕೆಂಬ ನಿಯಮವನ್ನು ಆಯೋಗವೇ 2022ರಲ್ಲಿ ಕೈಬಿಟ್ಟಿತು. ಆದರೂ ಎಣಿಸುವ ಮನೋಭಾವ ಅಷ್ಟು ಸುಲಭವಾಗಿ ಕೈಬಿಡುವಂಥದ್ದಲ್ಲ.

ನ್ಯಾಯದ ದೃಷ್ಟಿಯಿಂದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎಣಿಕೆ ಹುಟ್ಟಿಕೊಂಡದ್ದು ಕೇವಲ ಮೂರ್ಖತನದಿಂದಲ್ಲ. ಸಾರ್ವಜನಿಕರ ಹಣದಿಂದ ಸಂಬಳ ಪಡೆಯುವವರು ಲೆಕ್ಕ ಒಪ್ಪಿಸಬೇಕು. ಅಳತೆಯೇ ಇಲ್ಲದ ಕಡೆ ಜಾತಿ, ಶಿಫಾರಸು, ಮುಖಸ್ತುತಿಗಳೇ ಅಳತೆಗೋಲಾಗುತ್ತವೆ. ಸೋಮಾರಿಯೂ ಹಿಗ್ಸ್ ಅವರ ಹೆಸರನ್ನು ಹೇಳಿ ತಪ್ಪಿಸಿಕೊಳ್ಳಬಲ್ಲ. ಆದ್ದರಿಂದ ಪ್ರಶ್ನೆ ಅಳೆಯಬೇಕೇ ಬೇಡವೇ ಎಂಬುದಲ್ಲ. ಎಣಿಕೆಯೇ ಅಳತೆಯಾದೀತೇ ಎಂಬುದು.

ಹಿಗ್ಸ್ ಅವರ ಪ್ರಬಂಧವನ್ನು ಅಮೆರಿಕದ ಪತ್ರಿಕೆಗಾಗಿ ಪರಿಶೀಲಿಸಿದವರು ಯೊಯಿಚಿರೊ ನಾಂಬು. ಮುಂದೆ 2008ರಲ್ಲಿ ಅವರಿಗೂ ನೊಬೆಲ್ ದೊರೆಯಿತು. ಬ್ರೌಟ್ ಮತ್ತು ಎಂಗ್ಲರ್ಟ್ ಅವರ ಕೆಲಸಕ್ಕೂ ಇದಕ್ಕೂ ಇರುವ ಸಂಬಂಧವನ್ನು ತಿಳಿಸುವಂತೆ ಅವರು ಕೇಳಿದರು. ಅವರು ಮಾಡಿದ್ದು ಎಣಿಕೆಯಲ್ಲ, ಓದು. ಢಾಕಾದಿಂದ ಬಂದ ಲಕೋಟೆಯನ್ನು ಒಡೆದಾಗ ಐನ್‌ಸ್ಟೈನ್ ಮಾಡಿದ್ದೂ ಅದನ್ನೇ. ಎಣಿಸುವುದಕ್ಕೆ ಕ್ಷಣ ಸಾಕು. ಓದುವುದಕ್ಕೆ ಸಮಯ ಬೇಕು, ತಿಳಿವಳಿಕೆ ಬೇಕು, ಇನ್ನೊಬ್ಬರ ಶ್ರಮದ ಬಗ್ಗೆ ಗೌರವ ಬೇಕು. ಇನ್ನೊಬ್ಬರ ಕೆಲಸದ ಮೇಲೆ ತೀರ್ಪು ನೀಡುವ ಸ್ಥಾನದಲ್ಲಿರುವವರು, ಅಂದರೆ ಅಧಿಕಾರಿ, ಮುಖ್ಯೋಪಾಧ್ಯಾಯ, ಪಾಲಕ ಎಲ್ಲರೂ, ಆ ಕೆಲಸವನ್ನು ನಿಜವಾಗಿ ನೋಡುವ ಋಣವನ್ನು ಹೊತ್ತಿರುತ್ತಾರೆ. ಮಗಳ ಅಂಕಪಟ್ಟಿಯನ್ನು ನೋಡುವ ತಂದೆ ಅವಳ ಉತ್ತರಪತ್ರಿಕೆಯನ್ನೂ ನೋಡಬೇಡವೇ?

ದುಡಿಯುವವನ ಪಾಲಿನ ಕರ್ತವ್ಯ ಬೇರೆ. ಗೌರವವೇ ಬದುಕಿನ ಪರಮ ಗುರಿಯಾಗಲಾರದು ಎಂಬುದಕ್ಕೆ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಒಂದು ಕಾರಣವನ್ನು ಕೊಡುತ್ತಾನೆ: ಗೌರವವು ಅದನ್ನು ಪಡೆಯುವವನಿಗಿಂತ ಹೆಚ್ಚಾಗಿ ಕೊಡುವವರನ್ನು ಅವಲಂಬಿಸಿದೆ. ಸಂತ ಥಾಮಸ್ ಅಕ್ವಿನಾಸರೂ ಈ ವಿಚಾರವನ್ನು ಎತ್ತಿ ಹಿಡಿದರು. ಇನ್ನೊಬ್ಬರ ಕೈಯಲ್ಲಿರುವುದನ್ನು ಗುರಿಯಾಗಿಸಿಕೊಂಡವನು ತನ್ನ ಬದುಕಿನ ಬೀಗದಕೈಯನ್ನು ಅಪರಿಚಿತರಿಗೆ ಒಪ್ಪಿಸಿದಂತೆ. ‘ಇದು ನಿಜವೇ?’ ಎಂದು ಕೇಳಬೇಕಾದ ಮೇಜಿನ ಮುಂದೆ ‘ಇದಕ್ಕೆ ಎಷ್ಟು ಅಂಕ?’ ಎಂಬ ಪ್ರಶ್ನೆ ಮೊದಲು ಬಂದ ದಿನ ಸುಳ್ಳಿಗೆ ಬಾಗಿಲು ತೆರೆಯುತ್ತದೆ. ಪ್ರಯೋಗದ ಫಲಿತಾಂಶವನ್ನು ತಿರುಚುವವನು ಮೊದಲು ತನ್ನೊಳಗೆ ಈ ಪ್ರಶ್ನೆಯನ್ನು ತಿರುಚಿರುತ್ತಾನೆ.

ಹಿಗ್ಸ್ ದೋಷವಿಲ್ಲದ ಸಂತರಾಗಿರಲಿಲ್ಲ. ಕುಟುಂಬಕ್ಕಿಂತ ವೃತ್ತಿಗೆ ಹೆಚ್ಚು ಮಹತ್ವ ಕೊಟ್ಟದ್ದು ಅವರ ದಾಂಪತ್ಯವನ್ನು ಮುರಿಯಿತು. ಕೊನೆಗೆ ಒದಗಿದ ಕೀರ್ತಿಯೂ ಅವರಿಗೆ ನೆಮ್ಮದಿ ತರಲಿಲ್ಲ. ಏಕಾಂತದಲ್ಲಿ ಚಿಂತಿಸುತ್ತಿದ್ದ ತಮ್ಮ ಬದುಕನ್ನು ಈ ಆವಿಷ್ಕಾರ ಕೆಡಿಸಿತೆಂದೇ ಅವರು ಹೇಳಿಕೊಂಡರು. ಬಯಸಿದ್ದು ಬಂದಾಗಲೂ ಅದು ಬಯಸಿದ ರೂಪದಲ್ಲಿ ಬರುವುದಿಲ್ಲ. ಆದರೂ ಒಂದು ವಿಷಯದಲ್ಲಿ ಅವರು ಕದಲಲಿಲ್ಲ. ತಮ್ಮ ಹೆಸರೊಂದೇ ಆ ಸಿದ್ಧಾಂತಕ್ಕೆ ಅಂಟಿಕೊಂಡದ್ದನ್ನು ಅವರು ಒಪ್ಪದೆ, ಅದರಲ್ಲಿ ಪಾಲುಳ್ಳ ಇತರರ ಹೆಸರುಗಳನ್ನೂ ಸೇರಿಸಿ ಹೇಳುತ್ತಿದ್ದರು. ಪತ್ರಿಕೆಗಳು ಈ ಕಣವನ್ನು ‘ದೇವಕಣ’ ಎಂದು ಕರೆದಾಗ, ಸ್ವತಃ ದೇವರನ್ನು ನಂಬದ ಈ ವಿಜ್ಞಾನಿ, ಅದು ನಂಬುವವರ ಮನಸ್ಸನ್ನು ನೋಯಿಸೀತೆಂದು ಆ ಹೆಸರನ್ನು ಇಷ್ಟಪಡಲಿಲ್ಲ. ನಂಬುವವರಾದ ನಾವು ಈ ಸೌಜನ್ಯಕ್ಕೆ ತಲೆಬಾಗಬೇಕು.

ಹಿಂದಿರುಗಿದ ಪ್ರಬಂಧವನ್ನು ಮುಂದಿಟ್ಟುಕೊಂಡು 1964ರಲ್ಲಿ ಆ ಸಾಲುಗಳನ್ನು ಬರೆದಾಗ ಹಿಗ್ಸ್ ಅವರಿಗೆ 2012 ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. ಬರೆದುದನ್ನು ಇನ್ನಷ್ಟು ಸ್ಪಷ್ಟವಾಗಿ, ಇನ್ನಷ್ಟು ಸತ್ಯವಾಗಿ ಹೇಳುವುದು ಅಂದಿನ ಕೆಲಸವಾಗಿತ್ತು. ಅದನ್ನು ಅವರು ಮಾಡಿದರು. ಬ್ರೌಟ್ ಅವರೂ ಅದನ್ನೇ ಮಾಡಿದ್ದರು. ಕಣ ದೊರೆಯದೆ ಹೋಗಿದ್ದರೂ, ಪ್ರಶಸ್ತಿ ಬಾರದೆ ಹೋಗಿದ್ದರೂ, ಆ ದಿನದ ಪ್ರಾಮಾಣಿಕತೆ ಅಂದೇ ಪೂರ್ಣವಾಗಿತ್ತು. ಬದುಕಿನ ತಿರುವುಗಳು ನಮ್ಮ ಕೈಯಲ್ಲಿಲ್ಲ. ತಿರುವಿನಲ್ಲಿ ನಿಂತಾಗ ಕೈಯಲ್ಲಿರುವ ಕೆಲಸವನ್ನು ಸತ್ಯಕ್ಕೆ ಒಪ್ಪುವಂತೆ ಮಾಡುವುದು ಮಾತ್ರ ನಮ್ಮದು.