ಸುಮ್ಮನಿದ್ದಾರೆ

ತಲೆ ಕೆಟ್ಟವರಿರುವ ಮನೆಗೆ ನೆಂಟರು ಬಂದರೆ ಮೊದಲು ಕೇಳುವುದು, ‘ಈಗ ಹೇಗಿದ್ದಾರೆ?’ ಮನೆಯವರು ದನಿ ತಗ್ಗಿಸಿ ಹೇಳುವುದು, ‘ಪರವಾಗಿಲ್ಲ, ಸುಮ್ಮನಿದ್ದಾರೆ.’ ಚಿಕ್ಕಪ್ಪನ ವಿಷಯದಲ್ಲಿ ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇದೇ ಮಾತು. ಸರ್ಪಗಂಧದ ಕಥೆ ಓದುವಾಗಲೆಲ್ಲ ಆ ‘ಸುಮ್ಮನೆ’ ಎಂಬ ಪದ ನನ್ನನ್ನು ಕಾಡುತ್ತದೆ.

ಮೊಣಕಾಲೆತ್ತರದ ಪುಟ್ಟ ಗಿಡ. ಮದ್ದಿರುವುದು ಅಂಕುಡೊಂಕಾದ ಬೇರಿನಲ್ಲಿ. ಬಾಯಿಗಿಟ್ಟರೆ ಕಡು ಕಹಿ. ಬಿಹಾರದ ಕಡೆ ಅದನ್ನು ‘ಪಾಗಲ್ ಕಾ ದವಾ’ ಎಂದೇ ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು. ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅದೇ ಬೇರಿನಿಂದ ಬಿಡಿಸಿ ತೆಗೆದ ವಸ್ತುವೊಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರಿಗೆ ಅದೇ ಬೇರಿನಲ್ಲಿ ರಿಸರ್ಪಿನ್ ಸಿಕ್ಕಿತು. ಎರಡು ವರ್ಷ ಕಳೆಯುವಷ್ಟರಲ್ಲಿ ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿ ವರದಿ ಬರೆದಿದ್ದರು. ವಾರ್ಡಿನ ಕಿಟಕಿಗಳು ಮೊದಲಿನಷ್ಟು ಒಡೆಯುತ್ತಿಲ್ಲವೆಂದು ಅಲ್ಲಿನ ಗಾಜು ಕೂರಿಸುವವನೇ ಗಮನಿಸಿದನೆಂಬ ಕಥೆಯೊಂದಿದೆ.

ಗಾಜು ಉಳಿದದ್ದು ಸಣ್ಣ ಸಂಗತಿಯಲ್ಲ. ಕೈಕಾಲು ಕಟ್ಟಿ ಮಲಗಿಸುತ್ತಿದ್ದ ಕಾಲವದು. ಆದರೆ ಆ ಗಾಜಿನ ಒಳಗೆ ಕೂತವರಿಗೆ ಏನಾಗಿತ್ತು? ಕೆಲವರಿಗೆ ಕೈ ನಡುಗಿತು, ರಕ್ತದೊತ್ತಡ ಇಳಿಯಿತು, ಕೆಲವರನ್ನು ಖಿನ್ನತೆ ಕವಿಯಿತು. ಬಲುಬೇಗ ಕ್ಲೋರ್‌ಪ್ರೊಮಜಿನ್ ಎಂಬ ಬೇರೆ ಮದ್ದು ರಿಸರ್ಪಿನ್ನಿನ ಜಾಗ ಹಿಡಿಯಿತು.

1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ರೆಪ್ಪೆ ಜೋತುಬಿದ್ದು, ಮೊಲಗಳು ಕೂತಲ್ಲೇ ಕೂತವು. ಆಮೇಲೆ ಡೋಪಾ ಚುಚ್ಚಿದಾಗ ಎಚ್ಚೆತ್ತು ಓಡಾಡಿದವು. ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೀನನ್ನು ಬೇರು ಬರಿದು ಮಾಡುತ್ತಿತ್ತು, ಡೋಪಾ ತುಂಬಿಕೊಡುತ್ತಿತ್ತು. ಆ ದಾರಿಯಲ್ಲಿ ನಡೆದದ್ದಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಬಂತು. ಸರ್ಪಗಂಧ ರೋಗವನ್ನು ವಾಸಿಮಾಡಿದ್ದಕ್ಕಿಂತ ಹೆಚ್ಚಾಗಿ ರೋಗದ ಬಗ್ಗೆ ಪಾಠ ಹೇಳಿತು ಎಂದು ನನಗನ್ನಿಸುತ್ತದೆ.

ಇಂದಿಗೂ ಹುಚ್ಚಿಗೆ ಮದ್ದಾದೀತೇ ಎಂದು ಹೊಸ ಗಿಡದ ಸಾರವನ್ನು ಮೊದಲು ಇಲಿಯ ಮೇಲೆಯೇ ನೋಡುವುದು. ಡೋಪಮೀನಿನಂತೆ ಕೆಲಸ ಮಾಡುವ ಅಪೊಮಾರ್ಫಿನ್ ಚುಚ್ಚಿದ ಇಲಿ ಪಂಜರದ ಜಾಲರಿ ಹತ್ತತೊಡಗುತ್ತದೆ. ಸಾರ ಕುಡಿಸಿದ್ದರೆ ಹತ್ತುವುದು ಕಡಿಮೆಯಾಯಿತೇ ಎಂದು ಲೆಕ್ಕ. ಇನ್ನೊಂದು ಪರೀಕ್ಷೆಯಲ್ಲಿ ಇಲಿಯ ಮುಂಗಾಲುಗಳನ್ನು ಅಡ್ಡಕಂಬಿಯ ಮೇಲಿಟ್ಟು, ಕೆಳಗಿಳಿಸಿಕೊಳ್ಳದೆ ಎಷ್ಟು ಹೊತ್ತು ಹಾಗೇ ನಿಂತೀತೆಂದು ಗಡಿಯಾರ ನೋಡುತ್ತಾರೆ. ಇಲ್ಲೂ ಅಳೆಯುವುದು ಸುಮ್ಮನಿರುವುದನ್ನೇ. ಯಾರದೋ ದನಿ ಕಿವಿಯಲ್ಲಿ ಬೈಯುತ್ತಿದೆ ಎಂದು ಇಲಿ ಹೇಳಲಾರದು.

ಚರಕ ಸಂಹಿತೆ ಉನ್ಮಾದವನ್ನು ಎಂಟು ನೆಲೆಗಳಲ್ಲಿ ಗುರುತಿಸುತ್ತದೆ: ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ. ಇಲ್ಲಿ ಭಕ್ತಿಯೆಂದರೆ ದೇವರ ಪೂಜೆಯಲ್ಲ, ಒಬ್ಬ ಮನುಷ್ಯನಿಗೆ ಯಾವುದು ಇಷ್ಟವೋ ಅದು. ಇಲಿಯ ಪಂಜರದಲ್ಲಿ ಕಾಣುವುದು ಚೇಷ್ಟೆಯೊಂದೇ. ಉಳಿದ ಏಳಕ್ಕೆ ಮನುಷ್ಯರ ಹತ್ತಿರವೇ ಹೋಗಬೇಕು, ಅದೂ ಎಚ್ಚರದಿಂದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಾಗೆ ಹೋದರು. 1976ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬ್ರಾಹ್ಮ್ಯಾದಿಯೋಗ, ತಗರ ಎಂಬ ಆಯುರ್ವೇದದ ಮದ್ದುಗಳನ್ನು ಕ್ಲೋರ್‌ಪ್ರೊಮಜಿನ್ ಜೊತೆ, ಔಷಧವಿಲ್ಲದ ಸಪ್ಪೆ ಮದ್ದಿನ ಜೊತೆ ಹೋಲಿಸಿದರು. ಯಾರಿಗೆ ಯಾವುದು ಸಿಕ್ಕಿತೆಂದು ತಿಂದವರಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಿಲ್ಲ. ಇಂಥ ಪ್ರಯೋಗಗಳನ್ನೆಲ್ಲ ಮುಂದೆ ಒಟ್ಟಿಗೆ ತೂಗಿದಾಗ ಕ್ಲೋರ್‌ಪ್ರೊಮಜಿನ್ನಿನ ತಟ್ಟೆಯೇ ತೂಕದ್ದಾಯಿತು. ನಮ್ಮ ಬೇರುಗಳ ಮೇಲೆ ಪ್ರೀತಿಯಿರುವ ನನಗೆ ಅದನ್ನು ಒಪ್ಪುವುದು ಕಷ್ಟವಾಯಿತು. ಆದರೂ ಒಪ್ಪಿದೆ, ರೋಗಿಗಿಂತ ಬೇರು ದೊಡ್ಡದಲ್ಲ.

ಚಿಕ್ಕಪ್ಪ ತೆಗೆದುಕೊಳ್ಳುತ್ತಿದ್ದದ್ದು ಆಸ್ಪತ್ರೆಯ ಮಾತ್ರೆಗಳನ್ನೇ. ಗಲಾಟೆ ನಿಂತು ಎಷ್ಟೋ ಕಾಲವಾಗಿತ್ತು. ಹಾಕಿದ್ದನ್ನು ಉಣ್ಣುತ್ತಿದ್ದರು, ಕೂರಿಸಿದಲ್ಲಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟವರು ತಲೆಯೆತ್ತಿ, ‘ಉಪ್ಪು ಕಮ್ಮಿಯಾಗಿದೆ’ ಅಂದರು. ಚಿಕ್ಕಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಉಪ್ಪಿನ ಭರಣಿ ತರಲು ಒಳಗೆ ಓಡಿದರು.