ಪಡೆದ ನೀರು, ಮರಳಿಸಿದ ನೀರು

ಸಾಲವನ್ನು ತೀರಿಸುವುದೆಂದರೆ ಎಣಿಕೆಯನ್ನು ಸರಿಹೊಂದಿಸುವುದಷ್ಟೇ ಅಲ್ಲವೆಂಬುದು ಲೋಕದಲ್ಲಿ ಎಲ್ಲರೂ ಬಲ್ಲ ನೀತಿ. ಒಬ್ಬ ಒಕ್ಕಲಿಗನು ಉಳುಮೆಗೆಂದು ನೆರೆಯವನ ಜೋಡಿ ಎತ್ತುಗಳನ್ನು ಬೇಡಿ ತಂದು, ದಿನವೆಲ್ಲ ಬಿಸಿಲಿನಲ್ಲಿ ದುಡಿಸಿ, ಮೇವು ನೀರು ಕಾಣಿಸದೆ ಸಂಜೆಗೆ ಅವನ ಕೊಟ್ಟಿಗೆಯಲ್ಲಿ ಕಟ್ಟಿ ಬಂದನೆಂದು ಇಟ್ಟುಕೊಳ್ಳಬಹುದು. ತಂದವು ಎರಡು, ಮರಳಿಸಿದವು ಎರಡು, ಲೆಕ್ಕದಲ್ಲಿ ಕೊರತೆಯಿಲ್ಲ. ಆದರೂ ಮರುದಿನ ನೇಗಿಲು ಹೂಡಲು ಹೋದ ಒಡೆಯನಿಗೆ, ತನ್ನಿಂದ ಏನನ್ನೋ ಕಸಿದುಕೊಂಡಿರುವರೆಂಬುದು ತಿಳಿಯದೆ ಇರಲಾರದು. ಕಸಿದುಕೊಂಡ ವಸ್ತುವು ಕಣ್ಣಿಗೆ ಕಾಣುವಂತಹುದಲ್ಲ; ಅದು ಎತ್ತುಗಳ ಕಸುವು.

ಹೊಳೆಯ ನೀರಿನ ವಿಷಯದಲ್ಲಿಯೂ ಇದೇ ಬಗೆಯ ಪ್ರಶ್ನೆಯೊಂದು ವಿಚಾರಕ್ಕೆ ಬರುತ್ತದೆ. ನೀರಿಗೆ ವಿಷ ಬೆರೆಸುವುದು ಪಾಪವೆಂಬುದು ನಿರ್ವಿವಾದವಾದ ಮಾತು; ಅದಕ್ಕೆ ಶಾಸ್ತ್ರವೂ ಬೇಡ, ತರ್ಕವೂ ಬೇಡ. ಆದರೆ ಬಣ್ಣ ಕೆಡದ, ವಾಸನೆ ಹುಟ್ಟದ, ವಿಷ ಸೇರದ, ಕೇವಲ ಬೆಚ್ಚಗಾದ ನೀರನ್ನು ಹೊಳೆಗೆ ಮರಳಿಸಿದರೆ ಅದು ದೋಷವೇ? ತೆಗೆದುಕೊಂಡ ನೀರು ಬಹುಮಟ್ಟಿಗೆ ಅಷ್ಟೇ ಪ್ರಮಾಣದಲ್ಲಿ ಹಿಂದಿರುಗಿದೆ; ಅದನ್ನು ಕುಡಿದವನು ಸಾಯುವುದಿಲ್ಲ. ಹಾಗಿದ್ದ ಮೇಲೆ ಹಾನಿಯೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಬೇಕಾದರೆ ನೀರು ಬೆಚ್ಚಗಾಗುವುದು ಏಕೆ, ಬೆಚ್ಚನೆಯ ನೀರಿನಲ್ಲಿ ಬದುಕುವ ಜೀವಕ್ಕೆ ಏನಾಗುತ್ತದೆ ಎಂಬೆರಡನ್ನೂ ಮೊದಲು ತಿಳಿಯಬೇಕು.

ಕಲ್ಲಿದ್ದಲಿನಿಂದಾಗಲಿ ಅಣುಶಕ್ತಿಯಿಂದಾಗಲಿ ವಿದ್ಯುತ್ತನ್ನು ಪಡೆಯುವ ಸ್ಥಾವರಗಳಲ್ಲಿ ನೀರನ್ನು ಕಾಯಿಸಿ ಉಗಿ ಮಾಡುತ್ತಾರೆ. ಆ ಉಗಿಯ ಒತ್ತಡದಿಂದ ಚಕ್ರ ತಿರುಗುತ್ತದೆ. ಚಕ್ರದಿಂದ ವಿದ್ಯುತ್ತು ಹುಟ್ಟುತ್ತದೆ. ಚಕ್ರವನ್ನು ತಿರುಗಿಸಿದ ಉಗಿಯನ್ನು ಮತ್ತೆ ನೀರಾಗಿಸದಿದ್ದರೆ ಕೆಲಸ ಮುಂದುವರಿಯದು. ಅದನ್ನು ತಂಪುಮಾಡಲು ಹೊಳೆಯಿಂದಲೋ ಕಡಲಿನಿಂದಲೋ ನೀರನ್ನು ಎತ್ತಿ, ಸಾವಿರಾರು ಕೊಳವೆಗಳ ಮೂಲಕ ಹರಿಯಿಸುತ್ತಾರೆ. ಉಗಿಯ ಶಾಖವು ಆ ನೀರಿಗೆ ಇಳಿಯುತ್ತದೆ. ಹುಟ್ಟಿಸಿದ ಶಾಖವೆಲ್ಲವನ್ನೂ ಕೆಲಸವಾಗಿ ಮಾರ್ಪಡಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಫ್ರಾನ್ಸಿನ ಸಾದಿ ಕಾರ್ನೋ ಎಂಬ ಯುವ ವಿಜ್ಞಾನಿಯು 1824ರಲ್ಲಿಯೇ ಈ ತತ್ತ್ವದ ಬುನಾದಿಯನ್ನು ಹಾಕಿದನು. ಅಣುವಿದ್ಯುತ್ ಸ್ಥಾವರದಲ್ಲಿ ಹುಟ್ಟುವ ಶಾಖದ ಮೂರು ಪಾಲುಗಳಲ್ಲಿ ಸುಮಾರು ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ; ಉಳಿದೆರಡು ಪಾಲು ಹೊರಗೆ ಹೋಗಲೇಬೇಕು. ಮನೆಯಲ್ಲಿ ಉರಿಯುವ ಒಂದು ದೀಪದ ಹಿಂದೆ, ಎಲ್ಲಿಯೋ ದೂರದಲ್ಲಿ ಅದರ ಎರಡರಷ್ಟು ಶಾಖವನ್ನು ಮೌನವಾಗಿ ಹೊತ್ತ ನೀರು ಇರಬಹುದೆಂಬ ಸಂಗತಿಯು ದೀಪ ಹಚ್ಚುವವನಿಗೆ ತೋರುವುದೇ ಇಲ್ಲ.

ಇನ್ನು ಆ ನೀರಿನ ನಿವಾಸಿಗಳ ಸ್ಥಿತಿ. ಮನುಷ್ಯನ ಮೈಯ ಬಿಸಿಯು ಹೊರಗಿನ ಹವೆ ಹೇಗೇ ಇರಲಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಬಹುತೇಕ ಮೀನುಗಳಿಗೆ ಈ ಅನುಕೂಲವಿಲ್ಲ. ನೀರು ಬೆಚ್ಚಗಾದರೆ ಅವುಗಳ ಮೈಯೂ ಬೆಚ್ಚಗಾಗುತ್ತದೆ. ಮೈ ಬೆಚ್ಚಗಾದಂತೆ ಜೀವಕ್ರಿಯೆಗಳೆಲ್ಲ ತೀವ್ರವಾಗುತ್ತವೆ. ಸಹಿಸಬಲ್ಲ ಮಿತಿಯೊಳಗೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅವುಗಳ ವೇಗವು ಹೆಚ್ಚು ಕಡಿಮೆ ಇಮ್ಮಡಿಯಾಗುವುದುಂಟು. ಅಂದರೆ ಮೀನಿಗೆ ಉಸಿರು ಹೆಚ್ಚು ಬೇಕಾಗುತ್ತದೆ. ಆದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕವು ಕಡಿಮೆಯಾಗುತ್ತದೆ. 20 ಡಿಗ್ರಿಯ ಸಿಹಿನೀರು ಒಂದು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.6 ಮಿಲಿಗ್ರಾಂ ಮಾತ್ರ. ಬೇಡಿಕೆ ಏರಿದ ಗಳಿಗೆಯಲ್ಲಿಯೇ ಪೂರೈಕೆ ಇಳಿಯುತ್ತದೆ. ಮನೆಯಲ್ಲಿ ಉಣ್ಣುವ ಬಾಯಿಗಳು ಇಮ್ಮಡಿಯಾದ ದಿನವೇ ಕಣಜದ ಕಾಳು ಕರಗಿಹೋದರೆ ಗೃಹಸ್ಥನಿಗೆ ಬರುವ ಸಂಕಟ ಎಂತಹುದೋ ಮೀನಿನ ಸಂಕಟವೂ ಅಂತಹುದೇ.

ದೊಡ್ಡ ಮೀನು ಈಜಿ ಬೇರೆ ಕಡೆಗೆ ಹೋದೀತು. ಮೊಟ್ಟೆಯು ಈಜಲಾರದು; ಈಗತಾನೆ ಒಡೆದುಬಂದ ಮರಿಯೂ ಪ್ರವಾಹದ ಎದುರು ಈಜಲಾರದು; ಬಂಡೆಗೆ ಅಂಟಿದ ಚಿಪ್ಪಿನ ಜೀವಿಯಂತೂ ಇದ್ದಲ್ಲಿಯೇ ಇರಬೇಕು. ಅಲ್ಲದೆ ಎಷ್ಟೋ ಜಲಚರಗಳಿಗೆ ನೀರಿನ ತಂಪೇ ಪಂಚಾಂಗ. ಯಾವಾಗ ಮೊಟ್ಟೆಯಿಡಬೇಕು, ಯಾವಾಗ ವಲಸೆ ಹೊರಡಬೇಕು ಎಂಬುದನ್ನು ಅವು ಬೆಳಕಿನಿಂದಲೂ ನೀರಿನ ಶೀತೋಷ್ಣದಿಂದಲೂ ಅರಿಯುತ್ತವೆ. ಆ ಪಂಚಾಂಗವನ್ನು ತಿದ್ದಿದರೆ ಆಹಾರವು ಹುಟ್ಟುವ ಮುನ್ನವೇ ಮರಿಗಳು ಹುಟ್ಟಬಹುದು. 1972ರ ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಆಯ್ಸ್ಟರ್ ಕ್ರೀಕ್ ಸ್ಥಾವರದ ಬಳಿ ಇದಕ್ಕೆ ಇನ್ನೊಂದು ಬಗೆಯ ನಿದರ್ಶನ ದೊರೆಯಿತು. ಬೂತಾಯಿಗೆ ದೂರದ ನಂಟುಳ್ಳ ಮೆನ್‌ಹೇಡನ್ ಎಂಬ ಮೀನುಗಳು ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗುವ ಬದಲು ಸ್ಥಾವರದ ಬಿಸಿನೀರಿನ ಸುಖಕ್ಕೆ ಅಲ್ಲಿಯೇ ಉಳಿದಿದ್ದವು. ಸ್ಥಾವರವು ನಿಂತಿತು, ನೀರು ಒಮ್ಮೆಲೇ ತಣ್ಣಗಾಯಿತು, ಮೀನುಗಳು ರಾಶಿರಾಶಿಯಾಗಿ ಸತ್ತವು. ಬೇಡದೆ ಬಂದ ಉಪಕಾರವೂ ನೆಚ್ಚಿದವನನ್ನು ಕೊಲ್ಲಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಹಾನಿಯು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕದ ಮೌಂಟ್ ಹೋಪ್ ಕೊಲ್ಲಿಯ ವೃತ್ತಾಂತವು ಮನನ ಮಾಡತಕ್ಕದ್ದಾಗಿದೆ. ಅದರ ದಡದಲ್ಲಿ, ಮ್ಯಾಸಚೂಸೆಟ್ಸಿನ ಸಾಮರ್ಸೆಟ್ ಊರಿನಲ್ಲಿ, ಬ್ರೇಟನ್ ಪಾಯಿಂಟ್ ಎಂಬ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರವು 1960ರ ದಶಕದಲ್ಲಿ ತಲೆಯೆತ್ತಿತು. ಅದು ದಿನವೊಂದಕ್ಕೆ ನೂರು ಕೋಟಿ ಗ್ಯಾಲನ್ನುಗಳಿಗೆ ಸಮೀಪದ ಪ್ರಮಾಣದಲ್ಲಿ ನೀರನ್ನು ಎತ್ತಿ ಬಿಸಿಮಾಡಿ ಬಿಡುವ ಸ್ಥಿತಿಗೆ ಬೆಳೆಯಿತು. ಅಲ್ಲಿಯ ನೀರಿನಲ್ಲಿ ಚಳಿಗಾಲದಲ್ಲಿಯೇ ಮೊಟ್ಟೆಯಿಡುವ ಒಂದು ಚಪ್ಪಟೆ ಮೀನು ಇದೆ. ಕರಾವಳಿಯವರು ನಂಗು ಎನ್ನುವ ಮೀನಿನ ಬಳಗಕ್ಕೆ ಸೇರಿದುದು. ಶತ್ರುಗಳು ಚಳಿಗೆ ಜಡವಾಗಿರುವ ಕಾಲವನ್ನೇ ಅದು ತನ್ನ ಸಂತಾನಕ್ಕೆ ಆರಿಸಿಕೊಂಡಿದೆ. ನೀರು ಬೆಚ್ಚಗಾದರೆ ಅದರ ಮೊಟ್ಟೆ ಮರಿಗಳನ್ನು ತಿನ್ನುವ ಸೀಗಡಿಗಳು ಚುರುಕಾಗಿಯೇ ಇರುತ್ತವೆ. ಕೊಲ್ಲಿಯಲ್ಲಿ ಮೀನುಗಳ ಸಂಖ್ಯೆಯು 1980ರ ದಶಕದ ನಡುವಿನಿಂದ ಶೇಕಡ 87ರಷ್ಟು ಕುಸಿಯಿತೆಂದು ರೋಡ್ ಐಲೆಂಡ್ ಸಂಸ್ಥಾನದ 1996ರ ವರದಿಯು ತಿಳಿಸಿತು. ಅತಿಯಾದ ಮೀನುಗಾರಿಕೆಯೂ ಕಡಲಿನ ಏರುತ್ತಿರುವ ಬಿಸಿಯೂ ಕಾರಣಗಳೆಂಬ ವಾದ ನಡೆಯಿತು. ಆ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಕೊನೆಗೆ 2003ರಲ್ಲಿ ಸರಕಾರವು ಕೊಲ್ಲಿಗೆ ಬಿಡುವ ಶಾಖವನ್ನು ಶೇಕಡ 96ರಷ್ಟು ತಗ್ಗಿಸಬೇಕೆಂದು ವಿಧಿಸಿತು. ವ್ಯಾಜ್ಯಗಳು ಮುಗಿದು, ನೀರನ್ನು ತಂಪುಗೊಳಿಸುವ ಎರಡು ಮಹಾಗೋಪುರಗಳು ಎದ್ದು ಕೆಲಸಕ್ಕೆ ತೊಡಗುವ ವೇಳೆಗೆ 2012 ಬಂದಿತು. 2017ರಲ್ಲಿ ಸ್ಥಾವರವೇ ಮುಚ್ಚಿತು. 2019ರಲ್ಲಿ ಆ ಗೋಪುರಗಳನ್ನು ಸಿಡಿಮದ್ದಿನಿಂದ ಕೆಡವಿದರು. ಆದರೆ ಚಳಿಗಾಲದ ಆ ಮೀನು ಅಲ್ಲಿಯ ನೀರಿನಲ್ಲಿ ಹಿಂದಿನ ಸಮೃದ್ಧಿಗೆ ಮರಳಲಿಲ್ಲ. ಗೋಪುರವನ್ನು ಕಟ್ಟಲು ಹಣ ಸಾಕು. ಕಳೆದುಹೋದ ಸಂತಾನವನ್ನು ಕಟ್ಟಲು ಹಣ ಸಾಲದು. ತಡವಾಗಿ ತೀರಿಸಿದ ಸಾಲವು ಎಷ್ಟೋ ವೇಳೆ ತೀರದ ಸಾಲವೇ ಆಗುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ವಿದ್ಯುತ್ತು ವಿಲಾಸದ ವಸ್ತುವಲ್ಲ. ಅದರಿಂದ ರೋಗಿಯ ಪ್ರಾಣ ಉಳಿಯುತ್ತದೆ, ಬಡವನ ಹೊಲಕ್ಕೆ ನೀರು ಹರಿಯುತ್ತದೆ, ಮಗುವಿನ ಓದಿಗೆ ಬೆಳಕು ಬರುತ್ತದೆ. ಮನುಷ್ಯನ ಪ್ರಾಣದ ಎದುರಿಗೆ ಮೀನಿನ ಪ್ರಾಣವನ್ನು ತೂಗುವುದು ಯಾವ ನ್ಯಾಯ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. 2003ರ ಬೇಸಗೆಯಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನರು, ಅವರಲ್ಲಿ ಹೆಚ್ಚಿನವರು ವೃದ್ಧರು, ಸತ್ತರು. ಅದೇ ದಿನಗಳಲ್ಲಿ ನದಿಗಳು ಬತ್ತಿ ಬಿಸಿಯಾಗಿದ್ದವು. ನಿಯಮದಂತೆ ನಡೆದರೆ ಅಣುಸ್ಥಾವರಗಳು ಉತ್ಪಾದನೆಯನ್ನು ತಗ್ಗಿಸಬೇಕು. ತಗ್ಗಿಸಿದರೆ ಜನರಿಗೆ ವಿದ್ಯುತ್ತಿನ ಕೊರತೆ. ಸರಕಾರವು ಕೆಲವು ಸ್ಥಾವರಗಳಿಗೆ ಮಿತಿಮೀರಿದ ಬಿಸಿನೀರನ್ನು ಬಿಡಲು ಅನುಮತಿಯನ್ನು ಕೊಟ್ಟಿತು. ಆ ಗಳಿಗೆಯಲ್ಲಿ ಬೇರೆ ನಿರ್ಣಯವನ್ನು ಮಾಡಬೇಕಾಗಿತ್ತೆಂದು ಹೇಳುವವನ ಎದೆ ಕಲ್ಲಾಗಿರಬೇಕು.

ಆದರೆ ಆಪದ್ಧರ್ಮವು ನಿತ್ಯಧರ್ಮವಾಗಬಾರದು. ಮುಳುಗುವವನು ಮತ್ತೊಬ್ಬನ ದೋಣಿಯನ್ನು ಕೇಳದೆ ಹಿಡಿದರೆ ಅಪರಾಧವಲ್ಲ. ದಡ ಸೇರಿದ ಮೇಲೂ ಆ ದೋಣಿಯನ್ನು ಇಟ್ಟುಕೊಂಡರೆ ಅದು ಕಳ್ಳತನ. 2022ರ ಬೇಸಗೆಯಲ್ಲಿ ರೋನ್ ಮತ್ತು ಗರೋನ್ ನದಿಗಳ ಸ್ಥಾವರಗಳಿಗೆ ಅಂತಹುದೇ ವಿನಾಯಿತಿಯನ್ನು ಮತ್ತೆ ಕೊಡಬೇಕಾಯಿತು. ಹೊಳೆಯು ಅತ್ಯಂತ ದುರ್ಬಲವಾಗಿರುವ ದಿನವೇ ಅದರ ಮೇಲೆ ಅತ್ಯಂತ ಭಾರವನ್ನು ಹೇರಬೇಕಾಗುತ್ತದೆಂಬುದು ಮುಂಚಿತವಾಗಿ ತಿಳಿದ ಸಂಗತಿ. ತಿಳಿದಿದ್ದೂ ಸುಖದ ದಿನಗಳಲ್ಲಿ ಸಿದ್ಧತೆ ಮಾಡಿಕೊಳ್ಳದವನು ಕಷ್ಟದ ದಿನದಲ್ಲಿ ಅನಿವಾರ್ಯವೆಂಬ ಮಾತನ್ನು ಪೂರ್ಣ ಅಧಿಕಾರದಿಂದ ಆಡಲಾರನು. ಪ್ರಶ್ನೆಯು ಮನುಷ್ಯನೋ ಮೀನೋ ಎಂಬುದಲ್ಲ. ಮನುಷ್ಯನು ತನ್ನ ಖರ್ಚನ್ನು ತಾನೇ ಹೊರಬೇಕೋ, ಮಾತನಾಡಲು ಬಾರದ ಜೀವದ ಖಾತೆಗೆ ಅದನ್ನು ಬರೆಯಬೇಕೋ ಎಂಬುದೇ ಪ್ರಶ್ನೆ.

ಖರ್ಚನ್ನು ತಾನೇ ಹೊರುವ ದಾರಿಯಿಲ್ಲವೆಂದಿಲ್ಲ. ಬಿಸಿನೀರನ್ನು ಎತ್ತರದ ಗೋಪುರದಲ್ಲಿ ಹನಿಹನಿಯಾಗಿ ಇಳಿಯಬಿಟ್ಟು, ಗಾಳಿಯಿಂದ ತಣಿಸಿ, ಮತ್ತೆ ಅದನ್ನೇ ಬಳಸಬಹುದು. ಇದಕ್ಕೆ ಹಣ ಬೇಕು. ಸ್ವಲ್ಪ ವಿದ್ಯುತ್ತೂ ಬೇಕು. ನೀರಿನ ಒಂದಂಶವು ಆವಿಯಾಗಿ ಹೋಗುವುದರಿಂದ ಬರದ ನಾಡಿನಲ್ಲಿ ಅದೂ ಒಂದು ನಷ್ಟವೇ. ಬೆಲೆಯಿಲ್ಲದ ಪರಿಹಾರ ಲೋಕದಲ್ಲಿಲ್ಲ. ಆದರೂ ಇಲ್ಲಿ ಬೆಲೆಯು ಕಣ್ಣಿಗೆ ಕಾಣುತ್ತದೆ, ಬಳಸಿದವನ ಪಟ್ಟಿಗೆ ಸೇರುತ್ತದೆ. ಭಾರತದಲ್ಲಿಯೂ 1999ರ ಜೂನ್ ಒಂದರ ನಂತರ ಸಿಹಿನೀರನ್ನು ಬಳಸಿ ಆರಂಭವಾಗುವ ಉಷ್ಣವಿದ್ಯುತ್ ಸ್ಥಾವರಗಳಿಗೆ ಇಂತಹ ಗೋಪುರಗಳು ಕಡ್ಡಾಯವಾದವು. ಕಡಲ ನೀರನ್ನು ಬಳಸುವ ಹೊಸ ಸ್ಥಾವರಗಳಿಗೆ ಏಳು ಡಿಗ್ರಿಯ ಮಿತಿಯನ್ನೂ ಹಳೆಯವಕ್ಕೆ ಹತ್ತು ಡಿಗ್ರಿಯ ಮಿತಿಯನ್ನೂ ವಿಧಿಸಲಾಯಿತು. ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ನಾಲ್ಕು ಘಟಕಗಳು ಕಾಳಿ ನದಿಯ ಕದ್ರಾ ಜಲಾಶಯದಿಂದ ನೀರನ್ನು ಪಡೆದು ಅಲ್ಲಿಗೇ ಮರಳಿಸುವ ಕ್ರಮದವು. ಅಲ್ಲಿಯೇ ಯೋಜಿತವಾದ ಐದು ಮತ್ತು ಆರನೆಯ ಘಟಕಗಳಿಗೆ ಗೋಪುರದ ಕ್ರಮವನ್ನು ಆರಿಸಲಾಗಿದೆ. ಉಷ್ಣವಲಯದ ಜಲಚರಗಳಲ್ಲಿ ಹಲವು ತಮ್ಮ ಸಹನೆಯ ಮೇಲಿನ ಅಂಚಿಗೆ ಸಮೀಪದಲ್ಲಿಯೇ ಬದುಕುತ್ತವೆ. ಚೈತ್ರ ವೈಶಾಖಗಳಲ್ಲಿ ಸ್ವತಃ ಬೆಚ್ಚಗಾಗಿರುವ ಕನ್ನಡನಾಡಿನ ನೀರಿಗೆ ಮತ್ತೆ ನಾಲ್ಕಾರು ಡಿಗ್ರಿಗಳನ್ನು ಸೇರಿಸುವುದು, ಬಾಗಿದ ಬೆನ್ನಿನ ಮೇಲೆ ಮತ್ತೊಂದು ಮೂಟೆಯನ್ನಿಟ್ಟಂತೆ.

ಕಾನೂನಿನ ಮಾತು ಇಷ್ಟಾಯಿತು. ಧರ್ಮದ ಮಾತು ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಶರಣಮಾರ್ಗದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಭಕ್ತಜನರು ಬಲ್ಲರು. ಕಾಯಕವು ಅದರ ಫಲದಿಂದ ಮಾತ್ರವೇ ಶುದ್ಧವೆನಿಸದು. ಅದಕ್ಕೆ ಬಳಸಿದ ಸಾಧನವನ್ನೂ, ಅದರಿಂದ ಇತರರ ಬಾಳಿಗೆ ಬರುವ ಸುಖದುಃಖವನ್ನೂ ಕೂಡಿಸಿಯೇ ಅದರ ಶುದ್ಧಿಯನ್ನು ಅಳೆಯಬೇಕು. ವಿದ್ಯುತ್ತನ್ನು ಉತ್ಪಾದಿಸುವವನಿಗೆ ಈ ಮಾತು ಅನ್ವಯಿಸಿದರೆ ಬಳಸುವವನಿಗೂ ಅನ್ವಯಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಪಂಖೆಯು ಹಣದ ವ್ಯಯ ಮಾತ್ರವಲ್ಲ. ಅದು ಎಲ್ಲಿಯೋ ಒಂದು ನೀರಿನ ತಂಪಿನ ವ್ಯಯವೂ ಆಗಿರಬಹುದು. ಅಗತ್ಯಕ್ಕೆ ಬಳಸಿದ ವಿದ್ಯುತ್ತಿಗೆ ಸಮರ್ಥನೆಯುಂಟು. ಅಲಕ್ಷ್ಯದಿಂದ ಸುರಿದುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮತ್ತು ನೀರನ್ನು ಬಿಸಿಮಾಡುವುದು ಸ್ಥಾವರಗಳು ಮಾತ್ರವಲ್ಲ. ಹಳ್ಳದ ದಡದ ಹೊಂಗೆ ಮತ್ತಿ ಮರಗಳನ್ನು ಕಡಿದರೆ ನೆರಳು ಹೋಗಿ ಅದೇ ಸಣ್ಣ ಪ್ರವಾಹವು ಬಿಸಿಲಿಗೆ ಕಾಯುತ್ತದೆ. ಇದನ್ನು ತಡೆಯಲು ಸರಕಾರವೂ ಬೇಡ, ಗೋಪುರವೂ ಬೇಡ. ದಡದ ಹೊಲದವನು ಒಂದು ಸಾಲು ಮರಗಳನ್ನು ಉಳಿಸಿದರೆ ಸಾಕು.

ಹೊಳೆಯು ಯಾರನ್ನೂ ಸಾಲ ಕೇಳಲು ಬರುವುದಿಲ್ಲ, ಬಾಕಿಗಾಗಿ ಬಾಗಿಲಿಗೆ ನಿಲ್ಲುವುದೂ ಇಲ್ಲ. ಆದುದರಿಂದಲೇ ಅದರ ಲೆಕ್ಕವನ್ನು ಸಾಲಗಾರನೇ ಹೆಚ್ಚು ಎಚ್ಚರದಿಂದ ಬರೆದಿಡಬೇಕು. ನೀರನ್ನು ಪಡೆದವನು ನೀರನ್ನು ಮಾತ್ರವಲ್ಲ, ಅದರ ತಂಪನ್ನೂ ಪಡೆದಿದ್ದಾನೆ. ಎರಡನ್ನೂ ಮರಳಿಸಿದ ದಿನವೇ ಅವನು ಋಣಮುಕ್ತನು.