ಸಂಜೆ ಐದಕ್ಕೆ ಬಂದವನ ಕೂಲಿ

ಭದ್ರಾವತಿಯವರಿಗೆ ಕೂಲಿಯ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಅದರ ಹಿಂದೆ ಬಂದ ಕಾಗದದ ಕಾರ್ಖಾನೆ, ಇವೆರಡೂ ಸೇರಿ ಪಾಳಿ, ಹಾಜರಿ, ಓಟಿ, ಬೋನಸ್ಸು, ಪಿಎಫ್ ಎಂಬ ಮಾತುಗಳನ್ನು ಊರಿನ ಮನೆಮಾತಾಗಿಸಿದವು. ಕೆಲಸ ಹುಡುಕಿಕೊಂಡು ಬಂದು ಇಲ್ಲೇ ನೆಲೆನಿಂತ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದರು. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾಗುವ ಎಷ್ಟೋ ಮುಂಚೆಯೇ ಅವರ ಭಕ್ತಿಯೂ ದುಡಿಮೆಯೂ ಒಂದೇ ಓಣಿಯಲ್ಲಿ ಬೆಳೆದಿದ್ದವು.

ಅಂಥ ಊರಿನಲ್ಲಿ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ಓದಿದರೆ ಮೈ ಜುಮ್ಮೆನ್ನುತ್ತದೆ. ದ್ರಾಕ್ಷಿತೋಟದ ಯಜಮಾನ ನಸುಕಿನಲ್ಲೇ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೂ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ಸುಮ್ಮನೆ ನಿಂತಿರುತ್ತಾರೆ. ಯಾಕೆಂದು ಕೇಳಿದರೆ ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರು ಸೋಮಾರಿಗಳೆಂದು ಯೇಸು ಎಲ್ಲೂ ಹೇಳುವುದಿಲ್ಲ. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತದ್ದನ್ನು ಕಂಡವರಿಗೆ, 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಕೇಳಿ ಬೀದಿಗಿಳಿದ ಗುತ್ತಿಗೆ ಕಾರ್ಮಿಕರಿಗೆ, ಆ ಉತ್ತರದ ಸಂಕಟ ಬಿಡಿಸಿ ಹೇಳಬೇಕಾದ್ದಲ್ಲ.

ಸಂಜೆ ಬಟವಾಡೆಯಲ್ಲಿ ಎಲ್ಲರಿಗೂ ಒಂದೊಂದೇ ಬೆಳ್ಳಿ ನಾಣ್ಯ. ಒಂದು ಗಂಟೆ ದುಡಿದವನಿಗೂ ಅಷ್ಟೇ, ದಿನವಿಡೀ ಬಿಸಿಲು ತಿಂದವನಿಗೂ ಅಷ್ಟೇ. (ಕೂಲಿ ಕಡಿತಕ್ಕೆ ಈ ಕತೆಯನ್ನು ಯಾವ ಮಾಲೀಕನೂ ಎಳೆದು ತರದಿರಲಿ. ಆ ಯಜಮಾನ ಒಪ್ಪಿದ್ದರಲ್ಲಿ ಒಬ್ಬನಿಗೂ ಒಂದು ಕಾಸು ಕಡಿಮೆ ಕೊಡಲಿಲ್ಲ, ಅದನ್ನೂ ಅಂದೇ ಕೊಟ್ಟ.)

ರಕ್ಷಣೆ ಎಂದು ಕ್ರೈಸ್ತರು ಹೇಳುವುದು ಈ ನಾಣ್ಯವನ್ನೇ. ಎಫೆಸದವರಿಗೆ ಬರೆದ ಪತ್ರದಲ್ಲಿ ಅದು ಕೃಪೆಯಿಂದ ಬಂದ ವರ, ಯಾರೂ ದುಡಿದು ಗಳಿಸಿದ್ದಲ್ಲ ಎಂಬ ಮಾತು ಸ್ಪಷ್ಟವಾಗಿದೆ. ಶಿಲುಬೆಯಲ್ಲಿ ಯೇಸುವಿನ ಪಕ್ಕದಲ್ಲಿ ತೂಗುತ್ತಿದ್ದ ಆ ಅಪರಾಧಿಯನ್ನು ನೆನೆಯಿರಿ. ಅವನಿಗೆ ದೀಕ್ಷಾಸ್ನಾನವಿಲ್ಲ, ದಾನಧರ್ಮವಿಲ್ಲ, ಉಪವಾಸವಿಲ್ಲ. ಕೈಕಾಲುಗಳಿಗೆ ಮೊಳೆ ಬಿದ್ದಾಗಿದೆ, ಇನ್ನು ಒಂದೇ ಒಂದು ಒಳ್ಳೆಯ ಕೆಲಸ ಮಾಡಲೂ ಸಮಯವಿಲ್ಲ. ತನ್ನನ್ನು ನೆನಪಿಟ್ಟುಕೋ ಎಂದಷ್ಟೇ ಬೇಡಿಕೊಂಡ. ಪರದೈಸಿನ ಮಾತು ಅಂದೇ ಅವನಿಗೆ ಸಿಕ್ಕಿತು. ಐದು ಗಂಟೆಗೂ ತಡವಾಗಿ ಬಂದವನು ಅವನು!

ಇಷ್ಟು ದೊಡ್ಡದು ಬಿಟ್ಟಿಯಾಗಿ ಸಿಕ್ಕಿದ್ದರೂ ನಮ್ಮ ಮುಖದಲ್ಲಿ ಆ ಸಂತೋಷ ಯಾಕೆ ಕಾಣುವುದಿಲ್ಲ? ನನಗೆ ತೋರುವ ಕಾರಣ ಒಂದೇ. ತಮಗೆ ಹೆಚ್ಚು ಸಿಗಲಿಲ್ಲವೆಂದು ಗೊಣಗಿದ ಬೆಳಗಿನ ಆಳುಗಳಂತೆ ನಾವೂ ಎಣಿಸುತ್ತಾ ಕೂತಿರುತ್ತೇವೆ. ಎಷ್ಟು ವರ್ಷದಿಂದ ಗಾಯನ ಮಂಡಳಿಯಲ್ಲಿ ಹಾಡಿದೆ, ಹಬ್ಬಕ್ಕೆ ಎಷ್ಟು ಚಂದಾ ಕೊಟ್ಟೆ, ನಿನ್ನೆ ಮೊನ್ನೆ ಬಂದವನಿಗೆ ಅಷ್ಟೊಂದು ಮರ್ಯಾದೆ ಯಾಕೆ? ನಾಣ್ಯ ಕೈಯಲ್ಲೇ ಇರುತ್ತದೆ, ಕಣ್ಣು ಮಾತ್ರ ಪಕ್ಕದವನ ಅಂಗೈ ಮೇಲೆ. ಗಳಿಸಿದ್ದೆಂದು ತಿಳಿದವನಿಗೆ ತನ್ನ ಪಾಲು ಯಾವತ್ತೂ ಕಡಿಮೆಯೇ. ಕೊಟ್ಟದ್ದೆಂದು ತಿಳಿದವನು ಪಕ್ಕದವನಿಗೆ ಸಿಕ್ಕಿದ್ದಕ್ಕೂ ಹಿಗ್ಗುತ್ತಾನೆ. ಲೂಕನ ಶುಭಸಂದೇಶದಲ್ಲಿ ಕಳೆದುಹೋದ ಕುರಿ ಸಿಕ್ಕ ಕುರುಬ ಒಬ್ಬನೇ ಸಂತೋಷಪಡಲಿಲ್ಲ, ನೆರೆಹೊರೆಯವರನ್ನೆಲ್ಲ ಮನೆಗೆ ಕರೆದ.

ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಪಾಸ್ಖ ಹಬ್ಬದ ರಾತ್ರಿ ಸಂತ ಜಾನ್ ಕ್ರಿಸೊಸ್ತೋಮರ ಹೆಸರಿನ ಒಂದು ಪ್ರಸಂಗವನ್ನು ಪ್ರತಿವರ್ಷ ಓದುತ್ತಾರೆ. ಅದರ ಎಳೆಯೂ ಇದೇ ದ್ರಾಕ್ಷಿತೋಟ. ಬೆಳಗ್ಗೆಯೇ ಬಂದವರನ್ನೂ ಕೊನೆಗಳಿಗೆಯಲ್ಲಿ ಓಡಿಬಂದವರನ್ನೂ, ಉಪವಾಸ ಮಾಡಿದವರನ್ನೂ ಮಾಡದವರನ್ನೂ ಅದು ಒಂದೇ ಪಂಕ್ತಿಗೆ ಕರೆಯುತ್ತದೆ. ತಡವಾಯಿತೆಂದು ಅಂಜಬೇಡಿ, ಬನ್ನಿ, ಹೊಟ್ಟೆತುಂಬ ಉಣ್ಣಿ ಎಂಬುದೇ ಅಲ್ಲಿನ ಕರೆ.